ಹರ್ಕ್ಯುಲೇನಿಯಂ: ಉತ್ಖನನದ ಚರಿತ್ರೆ

ಇಟಲಿಯ ನೇಪಲ್ಸ್ ಕೊಲ್ಲಿಯ ದಂಡೆಯಲ್ಲಿ, ವೆಸೂವಿಯಸ್ ಬೆಟ್ಟದ ಪಡುವಣ ತಪ್ಪಲಿನಲ್ಲಿದ್ದ ರೋಮನ್ ಕಾಲದ ಪುಟ್ಟ ಪಟ್ಟಣ. ವೀರ ಹರ್ಕ್ಯುಲಿಸನೇ ಕಟ್ಟಿದ ಊರೆಂದು ಪ್ರಾಚೀನರ ನಂಬಿಕೆ. ಹೆಸರು ಬಂದದ್ದೂ ಹಾಗೆಯೇ. ಕ್ರಿ.ಶ. 79ರ ಸ್ಫೋಟದಲ್ಲಿ ಪೊಂಪೇಯ ಜೊತೆಗೇ ಹೂತುಹೋಯಿತು. ಪೊಂಪೇಯಷ್ಟು ದೊಡ್ಡದಲ್ಲ, ಅಷ್ಟು ಪ್ರಸಿದ್ಧವೂ ಅಲ್ಲ. ಆದರೆ ಅಲ್ಲಿ ಸುಟ್ಟು ಬೂದಿಯಾದದ್ದು, ಕೊಳೆತು ಮಣ್ಣಾದದ್ದು ಎಷ್ಟೋ ಇಲ್ಲಿ ಉಳಿದಿದೆ: ಮರದ ಬಾಗಿಲು, ಮಂಚ, ತೊಟ್ಟಿಲು, ಹಗ್ಗ, ಅಂಜೂರ, ರೊಟ್ಟಿ, ಪುಸ್ತಕ.

ಈ ವ್ಯತ್ಯಾಸಕ್ಕೆ ಕಾರಣ ಅಂದು ಬೀಸಿದ ಗಾಳಿ. ಮಧ್ಯಾಹ್ನ ಬೆಟ್ಟದ ತುದಿಯಿಂದೆದ್ದ ಬೂದಿಯ ಕಂಬವನ್ನು ಗಾಳಿ ಆಗ್ನೇಯಕ್ಕೆ ತಳ್ಳಿತು. ಅಲ್ಲಿದ್ದ ಪೊಂಪೇಯ ಮೇಲೆ ಪ್ಯೂಮಿಸ್ ಎಂಬ ಹಗುರವಾದ ತೂತುಗಲ್ಲು ಗಂಟೆಗಟ್ಟಲೆ ಸುರಿದು ಚಾವಣಿಗಳು ಕುಸಿದವು. ಪಶ್ಚಿಮದಲ್ಲಿದ್ದ ಹರ್ಕ್ಯುಲೇನಿಯಂ ಮೇಲೆ ಆಗ ಬಿದ್ದದ್ದು ತೆಳುವಾದ ಬೂದಿ ಮಾತ್ರ. ನಡುರಾತ್ರಿಯ ಬಳಿಕ ಆ ಕಂಬವೇ ಕುಸಿಯಿತು. ನೂರಾರು ಡಿಗ್ರಿ ಕಾವಿನ ಅನಿಲವೂ ಬೂದಿಯೂ ಒಂದಾಗಿ ಇಳಿಜಾರಿನಲ್ಲಿ ನುಗ್ಗಿ ಬಂದವು. ಅಲೆಯ ಮೇಲೆ ಅಲೆ ಬಂದು ಊರಿನ ಮೇಲೆ ಸುಮಾರು 20 ಮೀಟರ್ ದಪ್ಪದ ರಾಶಿ ನಿಂತಿತು, ಕಾಲಾಂತರದಲ್ಲಿ ಗಟ್ಟಿಯಾಗಿ ಕಲ್ಲಾಯಿತು. ಗಾಳಿಯಾಡದ ಆ ಬಿಸಿಯಲ್ಲಿ ಮರ ಉರಿದುಹೋಗದೆ ಇದ್ದಿಲಾಯಿತು. ಹಾಗೆಂದೇ ಇಲ್ಲಿ ಎರಡನೆಯ ಅಂತಸ್ತುಗಳೂ ನಿಂತಿವೆ.

ಸ್ಫೋಟದ ದಿನ ಆಗಸ್ಟ್ 24 ಎಂದು ಬಹುಕಾಲ ನಂಬಲಾಗಿತ್ತು. 2018ರಲ್ಲಿ ಪೊಂಪೇಯ ಗೋಡೆಯೊಂದರ ಮೇಲೆ ಅಕ್ಟೋಬರ್ ತಿಂಗಳಿಗೆ ಹೊಂದುವ ಇದ್ದಿಲಿನ ಬರಹ ಸಿಕ್ಕಿದ ಮೇಲೆ ಅಕ್ಟೋಬರ್ ಕಡೆಯ ವಾರವೆನ್ನುವ ವಾದ ಬಲಗೊಂಡಿದೆ. ಕಣ್ಣಾರೆ ಕಂಡು ಬರೆದವನು ಕಿರಿಯ ಪ್ಲಿನಿ. ಆಗ ಅವನಿಗೆ 17 ವರ್ಷ. ಇತಿಹಾಸಕಾರ ಟ್ಯಾಸಿಟಸ್‌ಗೆ ಅವನು ಬರೆದ ಎರಡು ಪತ್ರಗಳಲ್ಲಿ ಹರ್ಕ್ಯುಲೇನಿಯಂನ ಹೆಸರೇ ಇಲ್ಲ. ಹಡಗುಪಡೆಯ ದಂಡನಾಯಕನಾಗಿದ್ದ ಅವನ ಸೋದರಮಾವ ಹಿರಿಯ ಪ್ಲಿನಿ, ಸಿಕ್ಕಿಬಿದ್ದವರನ್ನು ಕರೆತರಲು ಹೋಗಿ ಸ್ಟಾಬಿಯೇ ತೀರದಲ್ಲಿ ಸತ್ತ. ಕನ್ನಡ ಓದುಗರಿಗೆ ಈ ಹಿರಿಯ ಪ್ಲಿನಿ ತೀರ ಅಪರಿಚಿತನಲ್ಲ: ಭಾರತದ ಪಡುಗಡಲ ವ್ಯಾಪಾರದ ಬಗ್ಗೆ ಬರೆಯುತ್ತ ನಿಟ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆಂದು ಎಚ್ಚರಿಸಿದವನು ಇವನೇ. ಆ ಹೆಸರನ್ನು ಕೆಲವು ವಿದ್ವಾಂಸರು ಮಂಗಳೂರಿನ ನೇತ್ರಾವತಿಗೆ ಹೊಂದಿಸುತ್ತಾರೆ.

ಹರ್ಕ್ಯುಲೇನಿಯಂನ ನೆನಪು ಹೀಗೆ ಕಾಗದದ ಮೇಲೂ ತೆಳುವಾಗಿ, ನೆಲದಡಿಯಲ್ಲಿ ಕಲ್ಲಾಗಿ 1,600 ವರ್ಷ ಕಳೆಯಿತು. ಮೇಲೆ ರೆಸಿನಾ ಎಂಬ ಬೇರೆ ಊರು ಬೆಳೆಯಿತು. 1709ರ ಸುಮಾರಿಗೆ ಅಲ್ಲಿ ಬಾವಿ ತೋಡುವಾಗ ಅಮೃತಶಿಲೆಯ ತುಂಡುಗಳು ಬಂದವು. ಹತ್ತಿರದಲ್ಲಿ ಬಂಗಲೆ ಕಟ್ಟಿಸುತ್ತಿದ್ದ ಎಲ್ಬೋಫ್ ಪ್ರಭುವಿಗೆ ಅಮೃತಶಿಲೆ ಬೇಕಾಗಿತ್ತು. ಆ ಬಾವಿಯಿಂದಲೇ ಅಡ್ಡಸುರಂಗ ಕೊರೆಸಿದ. ಅದು ಊರಿನ ನಾಟಕಶಾಲೆಯ ಮೇಲೆಯೇ ಇಳಿದಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಅಲ್ಲಿ ಸಿಕ್ಕಿದ ಮೂರು ಸ್ತ್ರೀ ಪ್ರತಿಮೆಗಳು ವಿಯೆನ್ನಾ ದಾಟಿ ಈಗ ಜರ್ಮನಿಯ ಡ್ರೆಸ್ಡನ್‌ನಲ್ಲಿವೆ.

1738ರಲ್ಲಿ ನೇಪಲ್ಸ್‌ನ ಬೂರ್ಬನ್ ದೊರೆ ಚಾರ್ಲ್ಸ್ ತನ್ನ ಅರಮನೆಯ ಅಲಂಕಾರಕ್ಕೆಂದು ಅಗೆತವನ್ನು ಸರ್ಕಾರಿ ಕೆಲಸವಾಗಿಸಿದ. ಮೇಲ್ವಿಚಾರಣೆ ಸ್ಪೇನಿನ ಸೇನಾ ಎಂಜಿನಿಯರ್ ಅಲ್ಕುಬಿಯೆರ್ರೆಯದು. ಕಲ್ಲಿನಂಥ ನೆಲವನ್ನು ಮೇಲಿನಿಂದ ತೆಗೆಯುವುದು ಆಗದ ಮಾತು, ಮೇಲೆ ಜನ ವಾಸವಾಗಿದ್ದರು. ಹಾಗಾಗಿ ದೀವಟಿಗೆಯ ಹೊಗೆಯಲ್ಲಿ, ಕೆಟ್ಟ ಗಾಳಿಯಲ್ಲಿ, ಆಳುಗಳು ಕತ್ತಲ ಸುರಂಗಗಳನ್ನು ಕೊರೆದರು. ಗೋಡೆ ಅಡ್ಡ ಬಂದರೆ ಒಡೆದರು, ಚಂದದ ವರ್ಣಚಿತ್ರ ಕಂಡರೆ ಚೌಕವಾಗಿ ಕತ್ತರಿಸಿ ತೆಗೆದರು. ಒಂದು ಸುರಂಗ ಮುಗಿದರೆ ಮುಂದಿನದರ ಮಣ್ಣು ಅದಕ್ಕೆ ತುಂಬಿದರು. ಕಂಚಿನ ಅಕ್ಷರಗಳ ಶಾಸನವೊಂದನ್ನು ನಕಲು ಮಾಡಿಕೊಳ್ಳದೆಯೇ ಕಿತ್ತು, ಅಕ್ಷರಗಳನ್ನು ಬುಟ್ಟಿಗೆ ಹಾಕಿ ದೊರೆಗೆ ಒಪ್ಪಿಸಿದರೆಂದು ಜರ್ಮನ್ ವಿದ್ವಾಂಸ ವಿಂಕಲ್‌ಮನ್ ದೂರಿದ. ಇದನ್ನು ಪುರಾತತ್ತ್ವ ಎನ್ನುವುದಕ್ಕಿಂತ ಗಣಿಗಾರಿಕೆ ಎನ್ನುವುದೇ ಸರಿ. ಆದರೂ ಈ ನೆಲ ಇಷ್ಟು ಗಟ್ಟಿಯಾಗಿರದಿದ್ದರೆ ಲೂಟಿ ಇನ್ನೂ ದೊಡ್ಡದಾಗುತ್ತಿತ್ತು; ಊರನ್ನು ಕೊಂದ ಕಲ್ಲೇ ಅದನ್ನು ಕಾಯಿತು.

ಆ ಕತ್ತಲಲ್ಲಿ ಅಳತೆಪಟ್ಟಿ ಹಿಡಿದು ಕೆಲಸ ಮಾಡಿದವನು ಸ್ವಿಸ್ ಎಂಜಿನಿಯರ್ ಕಾರ್ಲ್ ವೆಬರ್. 1750ರಲ್ಲಿ ಇನ್ನೊಂದು ಬಾವಿಯ ತಳದಲ್ಲಿ ಬಣ್ಣದ ಅಮೃತಶಿಲೆಯ ನೆಲ ಕಂಡಿತು. ಊರಾಚೆ, ಕಡಲಿಗೆ ಮುಖ ಮಾಡಿದ್ದ ಭಾರಿ ಬಂಗಲೆ ಅದು. ಒಮ್ಮೆಯೂ ಇಡಿಯಾಗಿ ನೋಡಲಾಗದ ಆ ಕಟ್ಟಡದ ನಕ್ಷೆಯನ್ನು ವೆಬರ್ ಸುರಂಗಗಳಿಂದಲೇ ಬಿಡಿಸಿದ. ಅಮೆರಿಕದ ಮಾಲಿಬುವಿನಲ್ಲಿ 1974ರಲ್ಲಿ ತೆರೆದ ಗೆಟ್ಟಿ ವಿಲ್ಲಾ ವಸ್ತುಸಂಗ್ರಹಾಲಯಕ್ಕೆ ಆ ನಕ್ಷೆಯೇ ಮಾದರಿ.

1752ರಲ್ಲಿ ಅದೇ ಬಂಗಲೆಯಲ್ಲಿ ಕರಿಕೊರಡುಗಳಂಥವು ಸಿಕ್ಕವು. ಇದ್ದಿಲೆಂದು ಕೆಲವನ್ನು ಎಸೆದದ್ದೂ ಆಯಿತು. ಒಂದರ ಮೇಲೆ ಅಕ್ಷರ ಕಂಡಾಗ ಅವು ಪಪೈರಸ್ ಸುರುಳಿಗಳೆಂದು, ಅಂದರೆ ಪುಸ್ತಕಗಳೆಂದು ತಿಳಿಯಿತು. ಸುರುಳಿ, ಚೂರು ಎಲ್ಲ ಸೇರಿ ಸುಮಾರು 1,800. ಪ್ರಾಚೀನ ಗ್ರೀಕ್-ರೋಮನ್ ಜಗತ್ತಿನಿಂದ ನಮಗೆ ಉಳಿದುಬಂದಿರುವ ಗ್ರಂಥಭಂಡಾರ ಇದೊಂದೇ. ವ್ಯಾಟಿಕನ್‌ನಿಂದ ಬಂದ ಪಾದ್ರಿ ಪಿಯಾಜ್ಜೊ ರೇಷ್ಮೆದಾರಗಳಿಂದ ಎಳೆಯುವ ಯಂತ್ರ ಮಾಡಿ ಸುರುಳಿಗಳನ್ನು ಕೂದಲೆಳೆಯಷ್ಟಷ್ಟೇ, ನಿಧಾನವಾಗಿ ಬಿಚ್ಚತೊಡಗಿದ. ಒಂದು ಸುರುಳಿಗೆ ವರ್ಷಗಳೇ ಹಿಡಿದವು. ಓದಲಾದವುಗಳಲ್ಲಿ ಹೆಚ್ಚಿನವು ಎಪಿಕ್ಯೂರಸ್ ಪಂಥದ ಫಿಲೊಡೆಮಸ್‌ನ ತತ್ತ್ವಗ್ರಂಥಗಳು. ಕಳೆದುಹೋದ ಮಹಾಕಾವ್ಯಗಳ ನಿರೀಕ್ಷೆಯಲ್ಲಿದ್ದ ಯುರೋಪಿಗೆ ಇದರಿಂದ ಕೊಂಚ ನಿರಾಸೆಯೇ ಆಯಿತು.

1765ರ ಹೊತ್ತಿಗೆ ಸುರಂಗದ ಕೆಲಸ ನಿಂತಿತು; ಸುಲಭವಾಗಿ ಅಗೆಯಬಹುದಾದ ಪೊಂಪೇ ಎಲ್ಲರನ್ನೂ ಸೆಳೆದಿತ್ತು. 1828ರ ಬಳಿಕ ಬಿಟ್ಟು ಬಿಟ್ಟು ನಡೆದ ಬಯಲು ಉತ್ಖನನದಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಇಂದು ಪ್ರವಾಸಿಗರು ನಡೆದಾಡುವ ಬೀದಿಗಳು ಬಹುಪಾಲು ಪುರಾತತ್ತ್ವಜ್ಞ ಅಮೆಡೇಯೊ ಮೈಯೂರಿ 1927ರಲ್ಲಿ ಆರಂಭಿಸಿ ಮೂರು ದಶಕ ನಡೆಸಿದ ಕೆಲಸದ ಫಲ. ಅಗೆದಂತೆಯೇ ಚಾವಣಿ ಹೊದಿಸಿ, ತೊಲೆ ಕೂಡಿಸಿ, ಸಿಕ್ಕಿದ್ದನ್ನು ಆದಷ್ಟೂ ಸಿಕ್ಕಿದಲ್ಲೇ ಬಿಟ್ಟ. ಈ ಊರಿನಲ್ಲಿ ದೊರೆತ ಒಂದು ರೊಟ್ಟಿಯನ್ನು ನೋಡಬೇಕು: ದುಂಡಗೆ, ಕಪ್ಪಗೆ, ಮುರಿಯಲು ಅನುಕೂಲವಾಗಲೆಂದು ಎಂಟು ಹೋಳಿನ ಗೆರೆ, ಅಂಚಿನಲ್ಲಿ, ಕ್ವಿಂಟಸ್ ಗ್ರೇನಿಯಸ್ ವೇರಸ್‌ನ ಗುಲಾಮ ಕೆಲೆರ್‌ನದು ಎಂಬ ಮುದ್ರೆ. ಹಂಚಿಕೊಂಡ ಒಲೆಯಲ್ಲಿ ಯಾರ ರೊಟ್ಟಿ ಯಾವುದೆಂದು ಗುರುತಿಸಲು ಒತ್ತಿದ್ದಿರಬೇಕು. ದೊರೆಗಳು ಸಾಗಿಸಿದ ಕಂಚಿನ ಪ್ರತಿಮೆಗಳಲ್ಲಿ ಇಂಥ ಒಬ್ಬನ ಹೆಸರಿಗೆ ಜಾಗವಿರಲಿಲ್ಲ.

ಊರೊಳಗೆ ಸಿಕ್ಕಿದ ಅಸ್ಥಿಪಂಜರಗಳು ಕೆಲವೇ ಆದ್ದರಿಂದ ಜನ ತಪ್ಪಿಸಿಕೊಂಡರೆಂದೇ ಎಲ್ಲರೂ ಭಾವಿಸಿದ್ದರು. 1980ರಲ್ಲಿ ನೀರು ಹೊರಹಾಕಲು ಪ್ರಾಚೀನ ಕಡಲತೀರದಲ್ಲಿ ಅಗೆಯುವಾಗ ಆ ಸಮಾಧಾನ ಹೋಯಿತು. ದೋಣಿ, ಸಾಮಾನು ಇಡುತ್ತಿದ್ದ ಕಮಾನುಕೋಣೆಗಳಲ್ಲಿ ಜನ ಒತ್ತೊತ್ತಾಗಿ ಸತ್ತಿದ್ದರು. ಲೆಕ್ಕ 300 ದಾಟಿತು. ಹೆಂಗಸರು, ಮಕ್ಕಳು ಕೋಣೆಗಳ ಒಳಗೆ. ಗಂಡಸರಲ್ಲಿ ಬಹಳ ಮಂದಿ ಹೊರಗೆ ಮರಳಿನ ಮೇಲೆ. ಹಡಗು ಬರುವುದನ್ನು ಕಾಯುತ್ತಿದ್ದರೆಂದು ತೋರುತ್ತದೆ. ರೋಮನ್ನರು ಸತ್ತವರನ್ನು ಸುಡುತ್ತಿದ್ದ ಕಾಲವಾದ್ದರಿಂದ ಅವರ ಎಲುಬು ಇಷ್ಟು ಸಂಖ್ಯೆಯಲ್ಲಿ ಸಿಗುವುದು ಅಪರೂಪ. ಆಹಾರ, ರೋಗ, ದುಡಿಮೆಯ ಗುರುತು ಎಲ್ಲವೂ ಅವುಗಳಲ್ಲಿ ಓದಸಿಕ್ಕಿತು.

ಅಗೆದು ತೆರೆದದ್ದು ಮಳೆಗೆ, ಪಾರಿವಾಳಗಳಿಗೆ ಈಡಾಗಿ 1990ರ ದಶಕದ ಕೊನೆಗೆ ಊರು ಎರಡನೆಯ ಸಲ ಸಾಯತೊಡಗಿತ್ತು. 2001ರಲ್ಲಿ ಪ್ಯಾಕರ್ಡ್ ಪ್ರತಿಷ್ಠಾನದ ನೆರವಿನಿಂದ ಸಂರಕ್ಷಣಾ ಯೋಜನೆ ಹುಟ್ಟಿತು. ಮಳೆನೀರು ಹರಿದುಹೋಗಲು ರೋಮನ್ನರ ಚರಂಡಿಗಳನ್ನೇ ಶುಚಿಮಾಡಿ ಬಳಸಿಕೊಂಡರು. ಒಂದು ಬೀದಿಯ ಅಂಗಡಿ, ಬಾಡಿಗೆಮನೆಗಳ ಪಾಯಿಖಾನೆಗಳೆಲ್ಲ ಬಂದು ಸೇರುತ್ತಿದ್ದ ಮಲದ ಕಾಲುವೆಯಿಂದ 700ಕ್ಕೂ ಹೆಚ್ಚು ಚೀಲ ಗೊಬ್ಬರ ಬಂತು. ಜರಡಿ ಹಿಡಿದರೆ ಅಂಜೂರದ ಬೀಜ, ಆಲಿವ್ ಬೀಜ, ಮೊಟ್ಟೆಯ ಸಿಪ್ಪೆ, ಹತ್ತಾರು ಬಗೆಯ ಮೀನಿನ ಮುಳ್ಳು. ಬಡವರು ಬರೇ ಗಂಜಿ ಕುಡಿದು ಬದುಕುತ್ತಿದ್ದರೆಂಬ ಊಹೆ ಇಲ್ಲಿಗಾದರೂ ಸುಳ್ಳಾಯಿತು.

ಬಿಚ್ಚಿದರೆ ಪುಡಿಯಾಗುವ ಸುರುಳಿಗಳನ್ನು ಬಿಚ್ಚದೆಯೇ ಓದುವ ದಾರಿಯನ್ನು ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಎರಡು ದಶಕ ಹುಡುಕಿದರು. ಎಕ್ಸ್‌ರೇ ಚಿತ್ರಗಳಲ್ಲಿ ಪಪೈರಸ್ಸೂ ಇದ್ದಿಲು, ಮಸಿಯೂ ಇದ್ದಿಲು. ಎರಡನ್ನೂ ಬೇರ್ಪಡಿಸುವುದೇ ಕಗ್ಗಂಟು. 2023ರಲ್ಲಿ ಚಿತ್ರಗಳನ್ನು ಎಲ್ಲರಿಗೂ ಕೊಟ್ಟು ಬಹುಮಾನ ಸಾರಲಾಯಿತು. ಅಕ್ಟೋಬರ್‌ನಲ್ಲಿ ಕಂಪ್ಯೂಟರ್ ಕಲಿಕೆಯ ವಿಧಾನದಿಂದ ವಿದ್ಯಾರ್ಥಿ ಲೂಕ್ ಫ್ಯಾರಿಟರ್ ಮೊದಲ ಪದ ಹೊರತೆಗೆದ: ನೇರಳೆ ಬಣ್ಣವೆಂಬರ್ಥದ ಗ್ರೀಕ್ ಪದ ಅದು. 2024ರ ಫೆಬ್ರವರಿಯಲ್ಲಿ ಅವನೂ ಯೂಸುಫ್ ನಾದರ್, ಜೂಲಿಯನ್ ಶಿಲಿಗರ್ ಎಂಬಿಬ್ಬರೂ ಸೇರಿ 2,000ಕ್ಕೂ ಹೆಚ್ಚು ಅಕ್ಷರ ಓದಿ 7 ಲಕ್ಷ ಡಾಲರ್ ಬಹುಮಾನ ಪಡೆದರು. ಆ ಪುಟಗಳಲ್ಲಿರುವುದು ಸುಖದ ಚರ್ಚೆ: ವಿರಳವಾಗಿ ಸಿಗುವ ತಿನಿಸು ಹೇರಳವಾಗಿ ಸಿಗುವುದಕ್ಕಿಂತ ಹೆಚ್ಚು ರುಚಿಯೇ ಎಂದು.

ರೆಸಿನಾ 1969ರಲ್ಲಿ ಹಳೆಯ ಹೆಸರನ್ನು ಮರಳಿ ಪಡೆದು ಎರ್ಕೊಲಾನೊ ಆಯಿತು. ಸುಮಾರು 20 ಹೆಕ್ಟೇರ್ ಪಟ್ಟಣದಲ್ಲಿ ತೆರೆದಿರುವುದು 4.5 ಹೆಕ್ಟೇರ್ ಮಾತ್ರ. ಉಳಿದದ್ದರ ಮೇಲೆ ಮನೆಗಳಿವೆ, ಬಟ್ಟೆ ಒಣಗುವ ಬಾಲ್ಕನಿಗಳಿವೆ. ಪಪೈರಸ್ ಬಂಗಲೆಯ ಬಹುಭಾಗ ಇನ್ನೂ ನೆಲದಡಿಯಲ್ಲೇ ಇದೆ.