ಅಚ್ಚಾಗದೆ ಹೋದ ಐದು ನಿಮಿಷ

ಶಾಸನ ಸಮ್ಮೇಳನಗಳಿಗೆ ಹೋಗಿ ಬಂದವರಿಗೆ ಗೊತ್ತು, ಪ್ರಬಂಧ ಮಂಡಿಸೋಕೆ ಸಿಗೋದು ಹತ್ತು-ಹದಿನೈದು ನಿಮಿಷ. ನಿಜವಾದ ಪಾಠ ಶುರುವಾಗೋದು ಆಮೇಲೆ, ಪ್ರಶ್ನೆಗಳ ಹೊತ್ತಿನಲ್ಲಿ.

ಕೆಲವು ವರ್ಷಗಳ ಹಿಂದೆ ಒಂದು ಗೋಷ್ಠಿಯಲ್ಲಿ ಗೆಳೆಯರೊಬ್ಬರು ವೀರಗಲ್ಲೊಂದರ ಪಡಿಯಚ್ಚನ್ನು ಪರದೆಯ ಮೇಲೆ ತೋರಿಸಿದರು. ಅದರಲ್ಲಿನ ಊರ ಹೆಸರಿನ ಮೊದಲ ಅಕ್ಷರವನ್ನು ‘ವ’ ಎಂದು ಓದಿದ್ದರು. ಆ ಹೆಸರಿನ ಊರು ಸುತ್ತಮುತ್ತ ಎಲ್ಲೂ ಇರಲಿಲ್ಲ. ಆಗ ಹಿರಿಯ ವಿದ್ವಾಂಸರೊಬ್ಬರು ಎದ್ದು ಪರದೆಯ ಹತ್ತಿರವೇ ಹೋದರು. ಹಳೆಯ ಲಿಪಿಯಲ್ಲಿ ‘ಪ’ದ ತಲೆ ತೆರೆದಿರುತ್ತೆ, ‘ವ’ದ ತಲೆ ಮುಚ್ಚಿರುತ್ತೆ. ಪಡಿಯಚ್ಚಿನಲ್ಲಿ ಉಳಿಯ ಗೆರೆಯೂ ಬಿಳಿ, ಕಲ್ಲಿನ ಬಿರುಕೂ ಬಿಳಿ. “ಇಲ್ಲಿ ತಲೆ ಮುಚ್ಚಿರೋದು ಬಿರುಕು ಕಣ್ರೀ, ಅಕ್ಷರ ‘ಪ’ನೇ” ಅಂದರು. ‘ಪ’ ಅಂದಮೇಲೆ ದಾರಿ ತೆರೆಯಿತು. ಹಳಗನ್ನಡದ ಪಕಾರ ಮುಂದೆ ಹಕಾರವಾಗುತ್ತದಲ್ಲ! 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನದ ‘ಪಲ್ಮಡಿ’ ಇಂದಿನ ಹಲ್ಮಿಡಿ ಆದ ಹಾಗೆ, ಈ ಊರೂ ಪಕ್ಕದಲ್ಲೇ ‘ಹ’ದಿಂದ ಶುರುವಾಗುವ ಹೆಸರಿನಲ್ಲಿ ಸಿಕ್ಕಿತು.

ಎರಡು ವರ್ಷದ ಮೇಲೆ ಗೋಷ್ಠಿಯ ಸಂಪುಟ ಬಂತು. ಮೊದಲೇ ಕೊಟ್ಟಿದ್ದ ಬರಹ ಹಾಗೇ ಅಚ್ಚಾಗಿತ್ತು, ‘ವ’ದ ಸಮೇತ. ಅಷ್ಟರಲ್ಲಿ ಆ ಹಿರಿಯರು ತೀರಿಕೊಂಡಿದ್ದರು. ಆ ದಿನ ನನ್ನ ಜೇಬಿನಲ್ಲೂ ಮೊಬೈಲ್ ಇತ್ತು. ರೆಕಾರ್ಡ್ ಮಾಡಬೇಕು ಅಂತ ಹೊಳೆಯಲಿಲ್ಲ. ಈಗ ಉಳಿದಿರೋದು ನನ್ನ ನೆನಪು ಮಾತ್ರ. ನೆನಪನ್ನು ಅಡಿಟಿಪ್ಪಣಿಯಲ್ಲಿ ಹಾಕೋಕೆ ಆಗಲ್ಲ.

ಅಚ್ಚಾದ ಪಾಠ ಓದುವವನ ತೀರ್ಮಾನವನ್ನು ಹೇಳುತ್ತದೆ. ಆ ತೀರ್ಮಾನಕ್ಕೆ ಕಣ್ಣು ಹೇಗೆ ಬಂತು, ಯಾರು ಯಾಕೆ ಒಪ್ಪಲಿಲ್ಲ ಅನ್ನೋದು ಮಾತಿನಲ್ಲೇ ಉಳಿದುಹೋಗುತ್ತದೆ. ಹೊಸಬರು ಲಿಪಿ ಕಲಿಯೋದಂತೂ ಇಂಥ ತಿದ್ದುಪಡಿಗಳಿಂದಲೇ.

ಎಲ್ಲರಿಗೂ ರೆಕಾರ್ಡಿಂಗ್ ಇಷ್ಟವಾಗಲ್ಲ, ಅದೂ ನ್ಯಾಯವೇ. ಅರೆಬರೆ ಊಹೆಯನ್ನು ನಾಳೆ ಯಾರೋ ಅಂತಿಮ ಮಾತು ಅಂತ ಎತ್ತಿ ಹಿಡಿದರೆ? ಆದ್ದರಿಂದ ಮೊದಲು ಅನುಮತಿ ಕೇಳಿ. ಶುರುವಿನಲ್ಲೇ ದಿನಾಂಕ, ಮಾತಾಡುವವರ ಹೆಸರು, ಶಾಸನದ ಊರು ಹೇಳಿಸಿ. ಕ್ಯಾಮೆರಾ ಪರದೆಯ ಕಡೆಗಿರಲಿ, ಅಕ್ಷರ ಕಾಣದಿದ್ದರೆ ಬರೀ ದನಿಯಿಂದ ಅರ್ಧ ಪ್ರಯೋಜನ. ಮೈಕು ಪ್ರಶ್ನೆ ಕೇಳುವವರಿಗೂ ತಲುಪಲಿ. ಎರಡು ಕಡೆ ಪ್ರತಿ ಇಡಿ.

ಮುಖ್ಯವಾಗಿ, ವಂದನಾರ್ಪಣೆ ಮುಗಿಯೋವರೆಗೂ ಆಫ್ ಮಾಡಬೇಡಿ. ಹಿಂದಿನ ಸಾಲಿನಿಂದ ಯಾರಾದರೂ ಎದ್ದು ಬರಬಹುದು.