ಪಲ್ಲವಿಗಳ ನಡುವಣ ಚರಣ

ಪುನರುಕ್ತಿಯನ್ನು ನಮ್ಮ ಆಲಂಕಾರಿಕರು ಕಾವ್ಯದೋಷಗಳಲ್ಲಿ ಒಂದೆಂದು ಎಣಿಸಿದರು. ಆದರೆ ದಾಸರ ಕೀರ್ತನೆಯನ್ನು ಕೇಳಿದವರಾರೂ ಪಲ್ಲವಿ ಮತ್ತೆ ಮತ್ತೆ ಬಂದಿತೆಂದು ಬೇಸರಪಡುವುದಿಲ್ಲ. ಪಲ್ಲವಿ ಮರಳಿ ಬಂದಾಗಲೇ ಒಂದು ಚರಣ ಮುಗಿದು ಇನ್ನೊಂದು ತೊಡಗುವುದು ನಮಗೆ ತಿಳಿಯುವುದು. ಇಂದು ನಾನು ಹೇಳಹೊರಟಿರುವುದು ಬ್ಯಾಕ್ಟೀರಿಯಾಗಳ ಡಿ.ಎನ್.ಎ.ಯಲ್ಲಿ ಕಾಣಿಸಿಕೊಂಡ ಒಂದು ಪುನರುಕ್ತಿಯ ಚರಿತ್ರೆ. ವಿದ್ವಾಂಸರು ಹದಿನೆಂಟು ವರ್ಷ ಪಲ್ಲವಿಯನ್ನೇ ಆಲಿಸುತ್ತ ಕುಳಿತ ಕಥೆಯೆಂದರೂ ಸಲ್ಲುತ್ತದೆ.

ಡಿ.ಎನ್.ಎ.ಯ ಲಿಪಿಯಲ್ಲಿರುವುದು ನಾಲ್ಕೇ ಅಕ್ಷರ. ಈಗ ಯಂತ್ರಗಳು ಅದನ್ನು ಗಂಟೆಗಳಲ್ಲಿ ಓದುತ್ತವೆ. 1980ರ ದಶಕದಲ್ಲಿ ಫಿಲ್ಮಿನ ಮೇಲೆ ಮೂಡಿದ ಪಟ್ಟೆಗಳನ್ನು ಕಣ್ಣಿಟ್ಟು ನೋಡಿ ಒಂದೊಂದೇ ಅಕ್ಷರವನ್ನು ಬರೆದುಕೊಳ್ಳಬೇಕಾಗಿತ್ತು. ಜಪಾನಿನ ಒಸಾಕಾ ವಿಶ್ವವಿದ್ಯಾಲಯದಲ್ಲಿ ಯೊಶಿಝುಮಿ ಇಶಿನೊ ಮತ್ತು ಅವರ ಸಹೋದ್ಯೋಗಿಗಳು ಹೀಗೆ ಈ.ಕೋಲಿ ಎಂಬ ಬ್ಯಾಕ್ಟೀರಿಯಾದ ಒಂದು ಜೀನನ್ನು ಓದುತ್ತಿದ್ದರು. ಅವರಿಗೆ ಬೇಕಾಗಿದ್ದ ಜೀನು ಮುಗಿದ ಬಳಿಕ, ಅದರ ಅಂಚಿನಲ್ಲಿ, 29 ಅಕ್ಷರಗಳ ಒಂದೇ ಸಾಲು ಐದು ಬಾರಿ ಬಂದಿತ್ತು. ಎರಡೆರಡು ಸಾಲುಗಳ ನಡುವೆ 32 ಅಕ್ಷರಗಳ ಅಂತರ. 1987ರಲ್ಲಿ ಪ್ರಕಟವಾದ ಲೇಖನದ ಕೊನೆಯಲ್ಲಿ ಅವರು ಈ ವಿಚಿತ್ರವನ್ನು ದಾಖಲಿಸಿ, ಇದರ ಜೈವಿಕ ಅರ್ಥ ತಿಳಿಯದೆಂದು ಸ್ಪಷ್ಟವಾಗಿ ಹೇಳಿದರು. ತಿಳಿಯದ್ದನ್ನು ತಿಳಿಯದೆಂದು ಅಚ್ಚುಹಾಕಿಸುವುದು ಸಣ್ಣ ಮಾತಲ್ಲ. ಬೇಕಿಲ್ಲದ ಅಂಚನ್ನು ಕತ್ತರಿಸಿ ಎಸೆದಿದ್ದರೆ ಕೇಳುವವರು ಯಾರಿದ್ದರು?

ಇಲ್ಲೊಂದು ಸೂಕ್ಷ್ಮವಿದೆ. ಪುನರಾವರ್ತಿಸುವ ಸಾಲು ಎಲ್ಲರ ಕಣ್ಣಿಗೂ ಬಿತ್ತು. ನಡುವಣ 32 ಅಕ್ಷರಗಳಾದರೋ ಪ್ರತಿ ಸಲವೂ ಬೇರೆ ಬೇರೆ. ಅವಕ್ಕೆ 'ಸ್ಪೇಸರ್', ಅಂದರೆ ಅಂತರ ತುಂಬುವ ತುಣುಕು, ಎಂಬ ಹೆಸರು ಬಂತು. ಹೆಸರಿಟ್ಟಾಗಲೇ ಅರ್ಧ ತೀರ್ಪು ಕೊಟ್ಟಂತಾಯಿತು. ಹಾಲೆಂಡಿನವರು ಕ್ಷಯರೋಗದ ಬ್ಯಾಕ್ಟೀರಿಯಾದಲ್ಲಿ ಇಂಥದೇ ರಚನೆಯನ್ನು ಕಂಡು, ತಳಿಯಿಂದ ತಳಿಗೆ ಬದಲಾಗುವ ಈ ತುಣುಕುಗಳನ್ನು ಹೆಬ್ಬೆರಳ ಗುರುತಿನಂತೆ ಬಳಸಿದರು. ಗುರುತು ಕೆಲಸಕ್ಕೆ ಬಂತು. ಅದು ಏನನ್ನು ಹೇಳುತ್ತಿದೆಯೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಸ್ಪೇನಿನ ಅಲಿಕಾಂತೆ ನಗರದ ಬಳಿ ಸಾಂತಾ ಪೋಲಾ ಎಂಬಲ್ಲಿ ಉಪ್ಪಿನ ಆಗರಗಳಿವೆ. ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪಾದ ಆ ನೀರಿನಲ್ಲಿಯೂ ಬದುಕುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಿವೆ. ಅವುಗಳಲ್ಲೊಂದನ್ನು ಅಭ್ಯಸಿಸುತ್ತಿದ್ದ ಫ್ರಾನ್ಸಿಸ್ಕೊ ಮೊಹಿಕಾ ಎಂಬ ತರುಣ ಸಂಶೋಧಕರಿಗೆ ಸುಮಾರು 30 ಅಕ್ಷರಗಳ ಪುನರುಕ್ತಿ ಎದುರಾಯಿತು. ಹಿಂದಿನ ಪತ್ರಿಕೆಗಳನ್ನು ಹುಡುಕಿದಾಗ ಒಸಾಕಾದ ಲೇಖನ ಸಿಕ್ಕಿತು. ಈ.ಕೋಲಿಗೂ ಉಪ್ಪುನೀರಿನ ಈ ಜೀವಿಗೂ ವಂಶವೃಕ್ಷದಲ್ಲಿ ಬಹುದೂರದ ಅಂತರ. ಇಬ್ಬರ ಮನೆಯಲ್ಲಿಯೂ ಒಂದೇ ಬಗೆಯ ವಸ್ತು ಉಳಿದುಬಂದಿದೆಯೆಂದರೆ ಅದು ನಿರುಪಯೋಗಿಯಾಗಿರಲಾರದೆಂದು ಮೊಹಿಕಾ ತರ್ಕಿಸಿದರು. 1995ರಲ್ಲಿ ಅವರು ಮಾಡಿದ ಊಹೆ ತಪ್ಪಾಗಿತ್ತು: ಕೋಶ ಒಡೆಯುವಾಗ ಡಿ.ಎನ್.ಎ.ಯನ್ನು ಪಾಲುಹಂಚಲು ಇದು ನೆರವಾಗುತ್ತದೆಂದು ಅವರು ಭಾವಿಸಿದ್ದರು. ತಪ್ಪಿದರೂ ಹಿಡಿದ ಎಳೆಯನ್ನು ಬಿಡಲಿಲ್ಲ. 2002ರಲ್ಲಿ ಅವರು ಸೂಚಿಸಿದ 'ಕ್ರಿಸ್ಪರ್' ಎಂಬ ಹೆಸರು ಅಚ್ಚಾಯಿತು. ಗೊಂಚಲಾಗಿ, ಸಮಾನ ಅಂತರದಲ್ಲಿ, 'ವಿಕಟಕವಿ'ಯಂತೆ ಹಿಂದುಮುಂದಾಗಿ ಓದಬರುವ ಕಿರುಪುನರುಕ್ತಿಗಳು ಎಂದು ಅದರ ತಾತ್ಪರ್ಯ. ಈ ಹೆಸರಿನಲ್ಲಿಯೂ ಇರುವುದು ಪಲ್ಲವಿಯ ವರ್ಣನೆಯೇ!

ಚರಣ ಕೇಳಿಸಿದ್ದು 2003ರಲ್ಲಿ. ಈ.ಕೋಲಿಯ ಒಂದು ಸ್ಪೇಸರನ್ನು ಮೊಹಿಕಾ ಲೋಕದ ಡಿ.ಎನ್.ಎ. ಸಂಗ್ರಹಗಳೊಡನೆ ಹೋಲಿಸಿ ನೋಡಿದರು. ಅದು ಈ.ಕೋಲಿಯನ್ನು ಕೊಲ್ಲುವ ಪಿ-1 ಎಂಬ ವೈರಸ್ಸಿನ ತುಣುಕಾಗಿತ್ತು. ಆ ಸ್ಪೇಸರನ್ನು ಹೊತ್ತ ತಳಿಗೆ ಪಿ-1 ಸೋಂಕು ತಟ್ಟುವುದಿಲ್ಲವೆಂಬುದು ಆಗಲೇ ತಿಳಿದ ಸಂಗತಿ. ಅವರು ಕೂಡಿಹಾಕಿದ ಸುಮಾರು 4,500 ಸ್ಪೇಸರುಗಳಲ್ಲಿ 88ಕ್ಕೆ ಹೋಲಿಕೆ ದೊರಕಿತು. ಅವುಗಳಲ್ಲಿ ಹೆಚ್ಚಿನವು ವೈರಸ್ಸುಗಳವು, ಇಲ್ಲವೆ ಕೋಶದಿಂದ ಕೋಶಕ್ಕೆ ನುಸುಳುವ ಡಿ.ಎನ್.ಎ. ಉಂಗುರಗಳವು. ಬ್ಯಾಕ್ಟೀರಿಯಾ ತನ್ನ ವೈರಿಯ ಗುರುತನ್ನು ಬರೆದಿಟ್ಟುಕೊಂಡು ಮಕ್ಕಳು ಮರಿಗಳಿಗೆ ದಾಟಿಸುತ್ತಿತ್ತು! ಇಂಥ ಮಾತನ್ನು ಹೇಳಿದ ಲೇಖನವನ್ನು ಒಂದರ ಮೇಲೊಂದು ಪತ್ರಿಕೆ ಹಿಂದಿರುಗಿಸಿತು. ಅಚ್ಚಾದದ್ದು 2005ರಲ್ಲಿ. ಅದೇ ವರ್ಷ ಫ್ರಾನ್ಸಿನ ಎರಡು ತಂಡಗಳು ಬೇರೆ ದಾರಿಗಳಿಂದ ಅದೇ ಬಾಗಿಲಿಗೆ ಬಂದವು. ಅವುಗಳಲ್ಲೊಂದು ಪ್ಲೇಗಿನ ಬ್ಯಾಕ್ಟೀರಿಯಾವನ್ನು ಓದುತ್ತಿತ್ತು. ಸಂಪಾದಕರ ಸಂಶಯಕ್ಕೂ ಒಂದು ನ್ಯಾಯವುಂಟೆಂದು ನಾನು ಒಪ್ಪುತ್ತೇನೆ. ಪ್ರಯೋಗದ ಸಾಕ್ಷ್ಯ ಆಗಿನ್ನೂ ಇರಲಿಲ್ಲ. ಆದರೆ ಕಾದು ಕುಳಿತವನ ಎರಡು ವರ್ಷಗಳನ್ನು ಯಾವ ನ್ಯಾಯವೂ ಹಿಂದಿರುಗಿ ಕೊಡದು.

ಸಾಕ್ಷ್ಯ ದೊರೆತದ್ದು ಮೊಸರಿನ ಹೆಪ್ಪಿನಲ್ಲಿ. ಕಾರ್ಖಾನೆಗಳಲ್ಲಿ ಹೆಪ್ಪಿಗೆ ಬಳಸುವ ಬ್ಯಾಕ್ಟೀರಿಯಾಕ್ಕೆ ವೈರಸ್ ತಗಲಿದರೆ ಹಾಲು ಹೆಪ್ಪುಗಟ್ಟುವುದು ಕೆಡುತ್ತದೆ, ನಷ್ಟವಾಗುತ್ತದೆ. ಡ್ಯಾನಿಸ್ಕೊ ಎಂಬ ಸಂಸ್ಥೆಯ ರೊಡೊಲ್ಫ್ ಬಾರಾಂಗು ಮತ್ತು ಫಿಲಿಪ್ ಓರ್ವಾತ್ ಅವರ ತಂಡ, ವೈರಸ್ ದಾಳಿಯಿಂದ ಬದುಕುಳಿದ ಬ್ಯಾಕ್ಟೀರಿಯಾ ಆ ವೈರಸ್ಸಿನ ತುಣುಕನ್ನು ಹೊಸ ಸ್ಪೇಸರಾಗಿ ಸೇರಿಸಿಕೊಂಡಿರುವುದನ್ನು 2007ರಲ್ಲಿ ತೋರಿಸಿತು. ಆ ತುಣುಕನ್ನು ತೆಗೆದರೆ ರಕ್ಷಣೆ ಹೋಯಿತು, ಸೇರಿಸಿದರೆ ಬಂತು.

ಗುರುತು ಆಯುಧವಾಗುವುದು ಹೇಗೆ? ಸಣ್ಣ ಆರ್.ಎನ್.ಎ. ತುಣುಕೊಂದು ಜೋಡಿಯಾಗಬಲ್ಲ ಮತ್ತೊಂದು ಆರ್.ಎನ್.ಎ.ಗೆ ಅಂಟಿಕೊಂಡು ಜೀನಿನ ಸಂದೇಶ ಪ್ರೋಟೀನಾಗದಂತೆ ತಡೆಯಬಲ್ಲುದೆಂದು 1984ರಲ್ಲಿಯೇ ಈ.ಕೋಲಿಯಲ್ಲಿ ಕಂಡಿದ್ದರು. 2008ರಲ್ಲಿ ಹಾಲೆಂಡಿನ ವಾಗೆನಿಂಗನ್ನಿನಲ್ಲಿ, ಅದೇ ಈ.ಕೋಲಿಯಲ್ಲಿ, ಕ್ರಿಸ್ಪರಿನ ಇಡೀ ಸಾಲು ಉದ್ದನೆಯ ಆರ್.ಎನ್.ಎ. ಆಗಿ ನಕಲಾಗಿ, ಪುನರುಕ್ತಿಯ ಸ್ಥಾನಗಳಲ್ಲಿ ತುಂಡಾಗುವುದು ಗೊತ್ತಾಯಿತು. ಒಂದೊಂದು ತುಂಡಿನಲ್ಲಿಯೂ ಒಂದೊಂದು ಸ್ಪೇಸರಿನ ನಕಲು. ಅದೇ ದಾರಿ ತೋರಿ ಪ್ರೋಟೀನುಗಳನ್ನು ವೈರಿಯ ಡಿ.ಎನ್.ಎ.ಯ ಬಳಿಗೆ ಒಯ್ಯುತ್ತದೆ. ಹೀಗೆ ಪಲ್ಲವಿಗೂ ಕೆಲಸವಿತ್ತು: ಎಲ್ಲಿ ಕತ್ತರಿಸಬೇಕೆಂದು ಅದು ಹೇಳುತ್ತಿತ್ತು.

ಮುಂದಿನದು ಹೆಚ್ಚು ಜನಕ್ಕೆ ಗೊತ್ತು. 2012ರಲ್ಲಿ ಎಮಾನ್ಯುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಈ ಏರ್ಪಾಡನ್ನು, ಬೇಕಾದ ಡಿ.ಎನ್.ಎ.ಯನ್ನು ಬೇಕಾದೆಡೆ ಕತ್ತರಿಸುವ ಉಪಕರಣವನ್ನಾಗಿ ರೂಪಿಸಿದರು. 2020ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಅವರಿಬ್ಬರಿಗೆ ಸಂದಿತು. ಬಹುಮಾನವನ್ನು ಮೂವರವರೆಗೆ ಹಂಚಬಹುದಿತ್ತು. ಮೂರನೆಯ ಆಸನ ಖಾಲಿಯಿದ್ದುದು ನನಗಂತೂ ಸರಿಯೆನಿಸಲಿಲ್ಲ.

ಮೊಹಿಕಾ ಕೂಡಿಹಾಕಿದ 4,500ರಲ್ಲಿ ಹೋಲಿಕೆ ದೊರೆಯದೆ ಉಳಿದವು 4,400ಕ್ಕೂ ಹೆಚ್ಚು. ಅಂದಿನಿಂದ ಇಂದಿನವರೆಗೆ ಸಂಗ್ರಹಗಳು ಎಷ್ಟೋ ಪಟ್ಟು ಬೆಳೆದಿವೆ. ಆದರೂ ಬ್ಯಾಕ್ಟೀರಿಯಾಗಳು ಬರೆದಿಟ್ಟ ಸ್ಪೇಸರುಗಳಲ್ಲಿ ಬಹುಪಾಲು ಯಾವ ವೈರಿಯ ಗುರುತೆಂದು ಇನ್ನೂ ಪತ್ತೆಯಾಗಿಲ್ಲ.