ಇಳಿತದ ಕೊಳಗಳ ಶಾರ್ಕ್: ಎಪೌಲೆಟ್ ಶಾರ್ಕಿನ ಆವಾಸ ಮತ್ತು ಸಹನೆಯ ಮಿತಿ

ಗ್ರೇಟ್ ಬ್ಯಾರಿಯರ್ ರೀಫ್‌ನ ದಕ್ಷಿಣ ಭಾಗದಲ್ಲಿರುವ ಹೆರಾನ್ ದ್ವೀಪದ ಸುತ್ತ ಹವಳದಿಬ್ಬದ ನೆತ್ತಿ ಸಮತಟ್ಟಾಗಿದೆ. ಇಳಿತದ ಹೊತ್ತಿಗೆ ಅಲ್ಲಿನ ನೀರಿಗೆ ಕಡಲಿನ ಸಂಪರ್ಕ ತಪ್ಪುತ್ತದೆ. ಇಳಿತ ರಾತ್ರಿ ಬಂದರೆ ದ್ಯುತಿಸಂಶ್ಲೇಷಣೆಯೂ ಇರುವುದಿಲ್ಲ. ಹವಳ, ಪಾಚಿ, ಮೀನುಗಳೆಲ್ಲ ಉಸಿರಾಡಿ ನೀರಿನ ಆಮ್ಲಜನಕವನ್ನು ಪೂರ್ಣಮಟ್ಟದ ಶೇ 20ಕ್ಕಿಂತ ಕೆಳಗಿಳಿಸುವುದುಂಟು. ಎಪೌಲೆಟ್ ಶಾರ್ಕ್ (ಹೆಮಿಸಿಲಿಯಂ ಒಸೆಲೇಟಮ್) ಹುಳು, ಏಡಿಗಳನ್ನು ಹುಡುಕುವುದು ಇಂಥ ನೀರಿನಲ್ಲಿ.

1788ರಲ್ಲಿ ಬೊನಟೇರ್ ವಿವರಿಸಿದ ಈ ಪ್ರಭೇದ ಉತ್ತರ ಆಸ್ಟ್ರೇಲಿಯ ಮತ್ತು ನ್ಯೂಗಿನಿಯ ತೀರಗಳದು. ನಮ್ಮ ಅರಬ್ಬಿ ಕಡಲಿನ ಬಿದಿರು ಶಾರ್ಕ್‌ಗಳೂ ಇದೇ ಕುಟುಂಬಕ್ಕೆ ಸೇರಿವೆ. ಎಪೌಲೆಟ್ ಶಾರ್ಕಿನ ಉದ್ದ ಸುಮಾರು ಒಂದು ಮೀಟರ್. ಎದೆಯ ರೆಕ್ಕೆಯ ಹಿಂದೆ ಬಿಳಿ ಅಂಚಿನ ದೊಡ್ಡ ಕಪ್ಪು ಬೊಟ್ಟು.

ಪ್ರಯೋಗಾಲಯದಲ್ಲಿ ಇದು ಶೇ 5ರಷ್ಟು ಆಮ್ಲಜನಕದಲ್ಲಿ ಮೂರೂವರೆ ಗಂಟೆ ಬದುಕಿದೆ. ಹೃದಯಬಡಿತ, ರಕ್ತದೊತ್ತಡ ಎರಡೂ ತಗ್ಗುತ್ತವೆ. ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಹೆಚ್ಚಿ ಶಕ್ತಿಯ ವ್ಯಯವನ್ನು ಇಳಿಸುತ್ತದೆ. ರಕ್ತನಾಳಗಳು ಹಿಗ್ಗುವುದರಿಂದ, ಒತ್ತಡ ಕುಸಿದರೂ ಮಿದುಳಿಗೆ ರಕ್ತ ಕಡಿಮೆಯಾಗುವುದಿಲ್ಲ. ಗಮನಿಸಬೇಕಾದ ಅಂಶ ಇನ್ನೊಂದಿದೆ: ಮತ್ತೆಮತ್ತೆ ಕೊರತೆಗೆ ಒಡ್ಡಿದ ಶಾರ್ಕ್ ಮುಂದಿನ ಸಲ ಇನ್ನೂ ಕಡಿಮೆ ಆಮ್ಲಜನಕದಲ್ಲಿ ನಿಭಾಯಿಸಿಕೊಳ್ಳುತ್ತದೆ. ಅಂದರೆ ಈ ಸಹನೆ ಉಬ್ಬರವಿಳಿತದ ಲಯಕ್ಕೆ ಹೊಂದಿಕೊಂಡದ್ದು. ಕೆಲವೇ ಗಂಟೆಗಳಲ್ಲಿ ನೀರು ಮರಳುವ ಸಂಕಷ್ಟಕ್ಕೆ ತಕ್ಕದ್ದು. ಅಷ್ಟು ಹೊತ್ತೂ ತಾಳಲಾಗದಿದ್ದರೆ ಜೋಡಿ ರೆಕ್ಕೆಗಳನ್ನು ಊರಿ, ಬತ್ತಿದ ಹವಳದ ಮೇಲೆಯೇ ನಡೆದು ಬೇರೆ ಕೊಳ ಸೇರಬಹುದು.

ಇದನ್ನು ನೋಡಿ ಈ ಶಾರ್ಕ್ ಹವಾಮಾನ ಬದಲಾವಣೆಯನ್ನೂ ಗೆಲ್ಲುತ್ತದೆ ಎಂದು ತೀರ್ಮಾನಿಸುವುದು ತಪ್ಪೆಂದೇ ನನ್ನ ವಾದ. ಕಡಲಿನ ಬಿಸಿ ಗಂಟೆಗಳಲ್ಲಿ ಹಿಂದೆಗೆಯುವಂಥದ್ದಲ್ಲ. ಅದಕ್ಕಿಂತ ಮುಖ್ಯವಾಗಿ, ನಡೆದು ಪಾರಾಗುವ ದಾರಿ ಭ್ರೂಣಕ್ಕಿಲ್ಲ. ಹೆಣ್ಣು ಸಾಮಾನ್ಯವಾಗಿ ಒಮ್ಮೆಗೆ ಎರಡು ಮೊಟ್ಟೆ ಇಡುತ್ತದೆ. ಗಟ್ಟಿ ಕೋಶದೊಳಗೆ ಮರಿ ಸುಮಾರು ನಾಲ್ಕು ತಿಂಗಳು ಇದ್ದಲ್ಲೇ ಬೆಳೆಯಬೇಕು. 2021ರಲ್ಲಿ ಪ್ರಕಟವಾದ, ಕೆರೊಲಿನ್ ವೀಲರ್ ಮತ್ತು ಸಂಗಡಿಗರ ಅಧ್ಯಯನ ಮೊಟ್ಟೆಗಳನ್ನು 27, 29 ಮತ್ತು 31 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿತು. 31 ಡಿಗ್ರಿಯಲ್ಲಿ ಭ್ರೂಣಗಳು ಮೊಟ್ಟೆಯ ಹಳದಿಯನ್ನು ಬೇಗ ಮುಗಿಸಿದವು. ಮರಿಗಳು ಅವಧಿಗೆ ಮುಂಚೆ, ಗಾತ್ರದಲ್ಲಿ ಚಿಕ್ಕವಾಗಿ, ಬಳಲಿಕೆಯಲ್ಲೇ ಹೊರಬಂದವು. ಹೊರಬಂದ ಕೂಡಲೇ ಬೇಟೆಯಾಡಬೇಕಾದ ಮರಿಗೆ ಇದು ಸಣ್ಣ ನಷ್ಟವಲ್ಲ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿ ಈ ಪ್ರಭೇದವನ್ನು ಅತಿಕಡಿಮೆ ಆತಂಕದ ವರ್ಗದಲ್ಲಿಟ್ಟಿದೆ. ಆದರೂ ಮುಂದಿನ ಸಮೀಕ್ಷೆಗಳು ಕೊಳದ ವಯಸ್ಕ ಶಾರ್ಕ್‌ಗಳನ್ನು ಎಣಿಸುವುದಕ್ಕೇ ನಿಲ್ಲದೆ, ಮೊಟ್ಟೆಯಿಡುವ ತಾಣಗಳ ತಾಪವನ್ನೂ ಋತುವಿಡೀ ಅಳೆಯಬೇಕು.